ಗರಗಸದ ಆ ತುದಿ ಖಾಲಿ ಇದೆ

ಮಾನ್ಯ ಮುಖ್ಯಾಧಿಕಾರಿಗಳೇ,

ಹೋದ ಮಂಗಳವಾರ ನಾನು ತಮ್ಮ ಪಟ್ಟಣ ಪಂಚಾಯಿತಿ ಕಚೇರಿಗೆ ಬಂದು, ಸರ್ಕಲ್ಲಿನ ಶಿಲ್ಪದಿಂದ ಇಳಿಸಿ ಒಯ್ದ ಎರಡನೆಯ ಮನುಷ್ಯನನ್ನು ವಾಪಸು ತಂದು ನಿಲ್ಲಿಸಿರಿ ಎಂದು ಕೇಳಿಕೊಂಡಾಗ, ತಾವು ಕಡತದಿಂದ ಕಣ್ಣೆತ್ತದೆ ಒಂದು ಪ್ರಶ್ನೆ ಹಾಕಿದಿರಿ: "ಆ ಶಿಲ್ಪಕ್ಕೂ ನಿಮಗೂ ಏನು ಸಂಬಂಧ?" ನನಗೆ ಉತ್ತರ ಹೊಳೆಯಲಿಲ್ಲ. ಅರವತ್ತೆಂಟು ವರ್ಷದ ಬಾಳಿನಲ್ಲಿ ನನ್ನ ಬಾಯಿಗೆ ಉತ್ತರ ಬಾರದೆ ಹೋದದ್ದು ಅದೇ ಮೊದಲು. ಬೇಕಾದರೆ ನನ್ನ ಹೆಂಡತಿ ಮುಮ್ತಾಜಳನ್ನು ಕೇಳಿ ನೋಡಿರಿ. ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು. ತಡವಾಗಿ ಹೊಳೆದದ್ದನ್ನು ಊರೆದುರಿಗೇ ಹೇಳೋಣವೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ಸಂಬಂಧ ಇಷ್ಟೇ, ಸಾಹೇಬರೇ. ಸರ್ಕಲ್ಲಿನಲ್ಲಿ ಒಬ್ಬನೇ ಉಳಿದು, ಗರಗಸದ ಒಂದು ಹಿಡಿಕೆ ಹಿಡಿದು, ಎದುರಿಗೆ ಯಾರೂ ಇಲ್ಲದ ಗಾಳಿಯನ್ನು ದಿಟ್ಟಿಸುತ್ತ ಬಗ್ಗಿ ನಿಂತಿದ್ದಾನಲ್ಲ, ಅವನು ನಾನು. ತಾವು ಇಳಿಸಿ ಒಯ್ದದ್ದು ನನ್ನ ಜೋಡಿ ಮಲಕಪ್ಪನನ್ನು. ಉದ್ಘಾಟನೆಯ ದಿನ ತಾವು ನಮ್ಮಿಬ್ಬರ ನಡುವೆ ನಿಂತು ಇಬ್ಬರ ಹೆಗಲ ಮೇಲೂ ಕೈ ಹಾಕಿ ತೆಗೆಸಿಕೊಂಡ ಫೋಟೋ ತಮ್ಮ ಕುರ್ಚಿಯ ಹಿಂದಿನ ಗೋಡೆಯ ಮೇಲೇ ಇದೆ. ಮಂಗಳವಾರ ಒಮ್ಮೆ ಹಿಂದಕ್ಕೆ ಹೊರಳಿ ನೋಡಿದ್ದರೆ ಈ ಪತ್ರದ ಕಾಗದ ಉಳಿಯುತ್ತಿತ್ತು.

ನನ್ನ ವಿದ್ಯೆ ಆರನೆಯ ಇಯತ್ತೆಯವರೆಗೆ. ಮುಂದಿನ ಇಯತ್ತೆಯಲ್ಲಿ ಮಾಸ್ತರರಿಗೂ ನನಗೂ ಹೊಂದಾಣಿಕೆ ಬರಲಿಲ್ಲ. ಹಾಗೆಂದು ಅಕ್ಷರ ಕೈಬಿಟ್ಟಿಲ್ಲ. ಡಿಪೋ ಗಲ್ಲಿಯಲ್ಲಿ ಯಾರ ಮನೆಗೆ ನೋಟೀಸು ಬಂದರೂ ಓದಿಸಲು ನನ್ನ ಹತ್ತಿರವೇ ಬರುತ್ತಾರೆ. ಹಾಗಾಗಿ ತಮ್ಮ ಕಚೇರಿ ನನಗೆ ಕೊಟ್ಟ ಹಿಂಬರಹವನ್ನೂ ನಾನೇ ಓದಿಕೊಂಡೆ: "ಸದರಿ ಶಿಲ್ಪದ ದುರಸ್ತಿ ಕಾರ್ಯ ಪ್ರಗತಿಯಲ್ಲಿದೆ." ಹದಿನಾಲ್ಕು ತಿಂಗಳಿಂದ ಪ್ರಗತಿಯಲ್ಲಿರುವ ದುರಸ್ತಿ! ಅಷ್ಟು ಹೊತ್ತು ಹಿಡಿಯಲು ಮಲಕಪ್ಪನಿಗೆ ಆದದ್ದಾದರೂ ಏನು? ಬಲಗಾಲಿನ ಪಾದದ ಹತ್ತಿರ ಒಂದು ಬಿರುಕು. ಒಂದು ಬೊಗಸೆ ಸಿಮೆಂಟಿನ ಕೆಲಸ. ನಾನೇ ಕಲಸಿ ಮೆತ್ತುತ್ತೇನೆ ಎಂದು ಮಂಗಳವಾರವೇ ಹೇಳಿದೆ. "ಹೊರಗಿನವರು ಸರ್ಕಾರಿ ಆಸ್ತಿ ಮುಟ್ಟುವಂತಿಲ್ಲ" ಎಂದಿರಿ. ಹೊರಗಿನವರು! ನನ್ನ ಮೂಗು, ನನ್ನ ಮೊಣಕೈ, ನನ್ನ ಬಾಗಿದ ಬೆನ್ನು ಸರ್ಕಾರಿ ಆಸ್ತಿಯಾಗಿ ಸರ್ಕಲ್ಲಿನಲ್ಲಿ ನಿಂತಿರುವಾಗ, ಹೊರಗೆ ಉಳಿದದ್ದು ನನ್ನಲ್ಲಿ ಎಷ್ಟು ಪಾಲು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ನಾವು ಯಾರೆಂದು ತಮಗೆ ಹೇಳಬೇಕು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ, ಈ ನಾಲ್ಕು ತಾಲೂಕುಗಳಲ್ಲಿ ದಿಮ್ಮಿ ಕೊಯ್ಯುವ ನಮ್ಮಂಥ ಜೋಡಿ ಇನ್ನೊಂದಿರಲಿಲ್ಲ. ಇದು ನಾನು ಹೇಳುವ ಮಾತಲ್ಲ. ಹೇಳಬೇಕಾದವರೆಲ್ಲ ತೀರಿಹೋದದ್ದರಿಂದ ನಾನು ಹೇಳಬೇಕಾಗಿ ಬಂದಿದೆ. ನಮ್ಮೂರಿನ ಕಟ್ಟಿಗೆ ಡಿಪೋದಲ್ಲಿ ಮೂವತ್ತೊಂದು ವರ್ಷ ಒಂದೇ ಗರಗಸ ಹಿಡಿದೆವು. ನಾನು ಬಲಗೈಯವನು, ಅವನು ಎಡಚ. ಎದುರು ಬದುರು ನಿಂತರೆ ಕನ್ನಡಿ ನೋಡಿಕೊಂಡಂತೆ. ನಾವು ಕೊಯ್ದ ತುಂಡಿನ ಮುಖದ ಮೇಲೆ ಚಹಾದ ಬಟ್ಟಲು ಇಟ್ಟರೆ ಒಂದು ಹನಿ ಆಚೆ ಈಚೆ ಆಗುತ್ತಿರಲಿಲ್ಲ. ಯಂತ್ರದ ಗರಗಸ ಬಂದ ಮೇಲೆ ನಮ್ಮನ್ನು ಮನೆಗೆ ಕಳಿಸಿದರು. ಯಂತ್ರ ಕೊಯ್ದ ತುಂಡಿನ ಮೇಲೆ ಬಟ್ಟಲು ಇಟ್ಟು ನೋಡಿದವರು ಯಾರೂ ಇಲ್ಲ.

ಇಬ್ಬರು ಹಿಡಿಯುವ ಗರಗಸವನ್ನು ತಾವು ಸರ್ಕಲ್ಲಿನಲ್ಲಿ ಮಾತ್ರ ನೋಡಿರಬಹುದು. ಐದೂವರೆ ಅಡಿಯ ಉಕ್ಕಿನ ಪಟ್ಟಿ, ಎರಡು ತುದಿಗೆ ಎರಡು ಕಟ್ಟಿಗೆಯ ಹಿಡಿಕೆ. ಅದರ ಕಾನೂನು ಒಂದೇ: ಎಳೆಯಬೇಕು, ನೂಕಬಾರದು. ನೂಕಿದರೆ ಪಟ್ಟಿ ಬಾಗಿ ದಿಮ್ಮಿಯೊಳಗೆ ಕಚ್ಚಿಕೊಳ್ಳುತ್ತದೆ. ಒಬ್ಬ ಎಳೆಯುವಾಗ ಇನ್ನೊಬ್ಬ ಬಿಗಿ ಹಿಡಿಯಬಾರದು, ಹಾಗೆಂದು ಕೈಯನ್ನು ತೆಗೆಯಲೂ ಬಾರದು. ಹಿಡಿದೂ ಹಿಡಿಯದಂತೆ ಅದರ ಹಿಂದೆ ಹೋಗಬೇಕು. ಎಳೆಯುವವನು "ತಾ" ಎನ್ನುತ್ತಾನೆ, ಬಿಟ್ಟುಕೊಡುವವನು "ತಗೋ" ಎನ್ನುತ್ತಾನೆ. ಆಮೇಲೆ ಸರದಿ ಬದಲು: ಇವನು ತಾ, ಅವನು ತಗೋ. ಬೆಳಗಿನಿಂದ ಸಂಜೆಯವರೆಗೆ ಇದೇ ಮಾತು. ನನ್ನ ಮನೆಮಾತು ಉರ್ದು, ಅವನ ಮನೆಯಲ್ಲಿ ಬೆಳಗಾವಿ ಕಡೆಯ ಅರ್ಧ ಮರಾಠಿ ಅರ್ಧ ಕನ್ನಡ. ನಮ್ಮಿಬ್ಬರದು ಈ ಎರಡು ಶಬ್ದದ ಭಾಷೆ. ಈಗಲೂ ಹೆಂಡತಿ ಚಹಾ ಕೊಟ್ಟರೆ ಬಾಯಿತಪ್ಪಿ "ತಾ" ಎನ್ನುತ್ತೇನೆ. "ಏನು ದಿಮ್ಮಿ ಕೊಯ್ಲಿಕ್ಕೆ ಹತ್ತೀರೇನ್ರಿ?" ಎನ್ನುತ್ತಾಳೆ.

ಇನ್ನೊಂದು ವಿಷಯ. ನಾನು ಸ್ವಲ್ಪ ದೊಡ್ಡದು ಮಾಡಿ ಹೇಳುವ ಮನುಷ್ಯ. ಊರಿಗೇ ಗೊತ್ತಿರುವ ಸಂಗತಿ, ಮುಚ್ಚಿಟ್ಟು ಉಪಯೋಗವಿಲ್ಲ. ಗಣೇಶಗುಡಿ ಕಡೆಯಿಂದ ಒಮ್ಮೆ ಒಂದು ಸಾಗವಾನಿ ದಿಮ್ಮಿ ಬಂದಿತ್ತು. ಅದನ್ನು ಕೊಯ್ದ ಕತೆಯನ್ನು ನಾನು ಸರ್ಕಲ್ಲಿನ ಬದಿಯ ಕರಿಬಸಪ್ಪನ ಚಹಾದಂಗಡಿಯಲ್ಲಿ ನೂರು ಸಲವಾದರೂ ಹೇಳಿದ್ದೇನೆ. ನೂರು ಸಲವೂ ಮಲಕಪ್ಪ ಪಕ್ಕದಲ್ಲಿ ಕೂತಿರುತ್ತಿದ್ದ.

"ಒಂಬತ್ತ ಅಡಿ ಸುತ್ತಳತಿ!" ಎನ್ನುತ್ತಿದ್ದೆ ನಾನು.

"ಏಳೂವರಿ," ಎನ್ನುತ್ತಿದ್ದ ಅವನು, ಚಹಾ ಊದುತ್ತ.

"ಏ ಮಲಕ್ಯಾ, ಒಂಬತ್ತೋ!"

"ಏಳೂವರಿ. ಟೇಪ ಹಿಡದಾಂವ ನಾನು. ನೀ ಆ ಕಡೆ ತುದಿ ಹಿಡಕೊಂಡ ಆಕಾಶ ನೋಡಾಕತ್ತಿದ್ದಿ."

ಎಲ್ಲರೂ ನಗುತ್ತಿದ್ದರು. ಒಂದು ದಿನವೂ ಅವನು ಎಂಟಕ್ಕೆ ಒಪ್ಪಲಿಲ್ಲ. ನನ್ನ ಮಾತಿನಿಂದ ಒಂದೂವರೆ ಅಡಿ ಕೊಯ್ದು ಬದಿಗಿಡುವುದು ಅವನ ಕೆಲಸ. ಆ ಧೈರ್ಯದ ಮೇಲೆಯೇ ನಾನು ಒಂದೂವರೆ ಅಡಿ ಕೂಡಿಸಿ ಹೇಳುತ್ತಿದ್ದೆ. ಅವನು ಊರು ಬಿಟ್ಟು ಹೋದ ಮೇಲೆ ತಡೆಯುವವರಿಲ್ಲದೆ ಆ ದಿಮ್ಮಿ ಬೆಳೆಯತೊಡಗಿತು. ಹೋದ ವರ್ಷ ಹನ್ನೊಂದಾಯಿತು. ಈಚೆಗೆ ಒಂದು ಸಂಜೆ ಅದೇ ಅಂಗಡಿಯ ಬಾಕಿನ ಮೇಲೆ ಕೂತು ಹದಿನಾಲ್ಕು ಎಂದೆ. ಕೂತಿದ್ದವರು ತಲೆಯಾಡಿಸಿದರು. ಒಬ್ಬ ಮೊಬೈಲು ನೋಡುತ್ತ, "ಹೌದಾ ಕಾಕಾ, ಭಾರಿ ಬಿಡ್ರಿ" ಎಂದ. ಹದಿನಾಲ್ಕು ಅಡಿ ಎಂದರೂ ಯಾರೂ ನನ್ನನ್ನು ಬೈಯಲಿಲ್ಲ, ಸಾಹೇಬರೇ. ಆ ಹೊತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ಈಗ ಶಿಲ್ಪದ ಮಾತು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ಬಸ್ಸು ನಿಂತರೆ ನಮ್ಮದು ಊರು, ನಿಲ್ಲದಿದ್ದರೆ ಕಾಡು. ಸರ್ಕಲ್ಲಿನ ಪಡುವಣಕ್ಕೆ ನಮ್ಮ ಡಿಪೋ ಗಲ್ಲಿ: ಗ್ಯಾರೇಜಿನವರು, ಕಟ್ಟಿಗೆಯವರು, ಬಹುಪಾಲು ನಮ್ಮ ಜಮಾತಿನ ಮನೆಗಳು. ಮೂಡಣಕ್ಕೆ ಧಾರವಾಡ ಚಾಳ: ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದು ನೆಲೆಸಿದವರು, ಮಲಕಪ್ಪನ ಮನೆ ಅಲ್ಲಿ. ಆರು ವರ್ಷದ ಹಿಂದೆ ಒಂದು ಮೆರವಣಿಗೆಯ ದಿನ ಒಂದು ಕಲ್ಲು ಹಾರಿತು. ಮೊದಲ ಕಲ್ಲು ಯಾರದು ಎಂಬುದಕ್ಕೆ ಎರಡು ಓಣಿಗಳಲ್ಲಿ ಎರಡು ಇತಿಹಾಸಗಳಿವೆ. ಎರಡನ್ನೂ ಕಣ್ಣಾರೆ ಕಂಡವರಿದ್ದಾರೆ. ಅಂದಿನಿಂದ ಚಾಳದವರು ನಮ್ಮ ಗ್ಯಾರೇಜಿಗೆ ಗಾಡಿ ತರುವುದನ್ನು ಬಿಟ್ಟರು, ನಮ್ಮವರು ಅವರ ಗಿರಣಿಗೆ ಜೋಳ ಒಯ್ಯುವುದನ್ನು ಬಿಟ್ಟರು. ಸರ್ಕಲ್ಲು ದಾಟುವವರಾಗಿ ಉಳಿದವರು ದನಗಳು ಮತ್ತು ನಾವಿಬ್ಬರು.

ಇದನ್ನು ನೋಡಿಯೇ ತಮ್ಮ ಹಿಂದಿನ ಅಧಿಕಾರಿಗಳು ಎರಡು ಓಣಿಯನ್ನು ಕೂಡಿಸುವ ಒಂದು ಶಿಲ್ಪ ಮಾಡಿಸೋಣ ಎಂದರು. ಧಾರವಾಡದಿಂದ ಸುಮಿತಾ ಎಂಬ ಶಿಲ್ಪಿ ಬಂದಳು. ಬಂದವಳು ಕರಿಬಸಪ್ಪನ ಅಂಗಡಿಯಲ್ಲಿ ಚಹಾ ಕುಡಿಯುತ್ತ ನಮ್ಮ ಜಗಳ ಕೇಳಿದಳು, ಏಳೂವರೆ ಒಂಬತ್ತರ ಜಗಳ. ಗ್ಲಾಸು ಇಟ್ಟು, "ಅಜ್ಜಾ, ನೀವಿಬ್ರೂ ಒಮ್ಮಿ ಕರಗಸ ಹಿಡದ ನಿಲ್ರಿ, ನೋಡೂಣು" ಎಂದಳು. ಒಂದು ತಿಂಗಳು ನಿಂತೆವು. ಗರಗಸ ಮಾತ್ರ ಸಿಮೆಂಟಿನದು ಬೇಡ, ನಮ್ಮದನ್ನೇ ಇಡು ಎಂದು ನಾನು ಅಟ್ಟದಿಂದ ಇಳಿಸಿ ಕೊಟ್ಟೆ. ಮಲಕಪ್ಪ ಅರ ಹಿಡಿದು ಹಲ್ಲು ಹಲ್ಲನ್ನೂ ತೀಡಿಕೊಟ್ಟ. "ಗೊಂಬಿ ಕೊಯ್ಯೂದಿಲ್ಲೋ, ಯಾಕ ತೀಡತಿ?" ಎಂದರೆ, "ಮಂದಿ ನೋಡತಾರ. ಮೊಂಡ ಹಲ್ಲ ಇಟ್ಟರ ನಿನ್ನ ಹೆಸರಲ್ಲ, ನನ್ನ ಹೆಸರ ಹೋಗತೈತಿ" ಎಂದ.

ಒಂದೇ ತಕರಾರು ಬಂದದ್ದು ತಲೆಯ ಮೇಲೆ. ಕೆಲಸದ ಹೊತ್ತಿಗೆ ಇಬ್ಬರ ತಲೆಗೂ ಒಂದೇ ತರಹದ ಟವೆಲು ಇರುತ್ತಿತ್ತು. ಸುಮಿತಾ ಅದನ್ನೇ ಮಾಡಿದ್ದಳು. ಶಿಲ್ಪ ಸಮಿತಿಯ ಹಿರಿಯರು ಒಪ್ಪಲಿಲ್ಲ. ಟವೆಲಾದರೆ ಯಾರು ಯಾವ ಕಡೆಯವರೆಂದು ಜನಕ್ಕೆ ತಿಳಿಯುವುದು ಹೇಗೆ ಎಂದರು. ತಿಳಿಯಬಾರದು ಎಂದಲ್ಲವೇ ಇಷ್ಟೆಲ್ಲ ಮಾಡುತ್ತಿರುವುದು ಎಂದು ಯಾರೂ ಕೇಳಲಿಲ್ಲ. ನನಗೆ ಟೊಪ್ಪಿಗೆ ಬಂತು, ಅವನಿಗೆ ರುಮಾಲು ಬಂತು. ಮುಂದೆ ಜಗಳಾಡುವವರ ಕೆಲಸ ಅಷ್ಟರಮಟ್ಟಿಗೆ ಸುಲಭವಾಯಿತು.

ಶಿಲ್ಪ ನಿಂತ ವಾರವೇ ತಾವು ಈ ಊರಿಗೆ ವರ್ಗವಾಗಿ ಬಂದಿರಿ, ರಿಬ್ಬನ್ ಕತ್ತರಿಸಿದಿರಿ, ಅರ್ಧ ತಾಸು ಸೌಹಾರ್ದದ ಬಗ್ಗೆ ಮಾತಾಡಿದಿರಿ. ಚೆನ್ನಾಗಿ ಮಾತಾಡಿದಿರಿ. ಆಮೇಲಿನದು ತಮಗೆ ಅರ್ಜಿಗಳ ಮೂಲಕ ಗೊತ್ತು. ಗರಗಸ ಹಿಡಿದವರು ಎದುರು ಬದುರು ನಿಲ್ಲಲೇಬೇಕು. ಡಿಪೋ ಗಲ್ಲಿಯ ಬದಿಗೆ ನಾನು, ಚಾಳದ ಬದಿಗೆ ಅವನು. ಹಾಗಾಗಿ ನನ್ನ ಮುಖ ಚಾಳಕ್ಕೆ, ಬೆನ್ನು ಗಲ್ಲಿಗೆ. ಅವನ ಮುಖ ಗಲ್ಲಿಗೆ, ಬೆನ್ನು ಚಾಳಕ್ಕೆ. ತಿಂಗಳು ತುಂಬುವ ಮೊದಲೇ ಎರಡು ಓಣಿಯಿಂದಲೂ ಅರ್ಜಿಗಳು ಬಂದವು: ನಮ್ಮ ಮನುಷ್ಯ ಪೃಷ್ಠಭಾಗವನ್ನು ನಮಗೆ ತೋರಿಸಿ, ಮುಖವನ್ನು ಅವರಿಗೆ ಕೊಟ್ಟು ನಿಂತಿದ್ದಾನೆ, ಇದರಿಂದ ನಮ್ಮ ಭಾವನೆಗಳಿಗೆ ಧಕ್ಕೆಯಾಗಿದೆ. ಆರು ವರ್ಷದಲ್ಲಿ ಎರಡು ಓಣಿಯವರು ಒಂದೇ ಮಾತು ಬರೆದದ್ದು ಅದೊಂದೇ ಸಲ. ಒಂದೇ ದಿನ, ಒಂದೇ ಟೈಪಿಸ್ಟನ ಹತ್ತಿರ ಬರೆಸಿದ್ದರು. ಅದನ್ನೇ ಸೌಹಾರ್ದವೆಂದು ತಿಳಿದು ಚೌಕಟ್ಟು ಹಾಕಿಸಿಟ್ಟಿದ್ದರೂ ಆಗುತ್ತಿತ್ತು.

ತಾವು ಏನು ಮಾಡಿದಿರಿ? ಕ್ರೇನು ತರಿಸಿ ನಮ್ಮಿಬ್ಬರ ಜಾಗ ಅದಲು ಬದಲು ಮಾಡಿಸಿದಿರಿ. ಈಗ ನನ್ನ ಮುಖ ನನ್ನ ಗಲ್ಲಿಗೆ ಬಂತು, ಸರಿ. ಬೆನ್ನು ಎಲ್ಲಿಗೆ ಹೋಯಿತು? ಚಾಳಕ್ಕೆ. ಮೊದಲು ಸ್ವಂತದವನ ಕುಂಡಿ ನೋಡಿ ಕಷ್ಟಪಟ್ಟವರು ಈಗ ಪರರ ಕುಂಡಿ ನೋಡಬೇಕಾಯಿತು. ಒಂದು ವಾರದಲ್ಲಿ ಮತ್ತೆ ಅರ್ಜಿ, ಈ ಸಲ ಇನ್ನೂ ಬಿಸಿ. ಮತ್ತೆ ಕ್ರೇನು. ಮೊದಲಿನಂತೆಯೇ ಇಡಲು ಹೋದಾಗ ಬೆಲ್ಟು ಜಾರಿ ಮಲಕಪ್ಪನ ಕಾಲು ಬಿರಿಯಿತು. ಆಗ ತಮಗೆ ಸಮಾಧಾನದ ಉಸಿರು ಬಂದಿರಬೇಕು. ದುರಸ್ತಿಗೆಂದು ಅವನನ್ನು ಒಯ್ದಿರಿ, ನನ್ನನ್ನು ಬಿಟ್ಟಿರಿ, ಸುತ್ತ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿದಿರಿ. ಅರ್ಜಿಗಳು ನಿಂತವು. ಒಬ್ಬನೇ ನಿಂತರೆ ಯಾರ ಭಾವನೆಗೂ ಧಕ್ಕೆಯಾಗುವುದಿಲ್ಲ ಎಂಬುದನ್ನು ತಾವು ಕಂಡುಹಿಡಿದಿರಿ.

ಇಲ್ಲಿಗೆ ಪತ್ರ ಮುಗಿಸಿದ್ದರೆ ತಪ್ಪೆಲ್ಲ ತಮ್ಮದೇ ಎಂದಾಗುತ್ತಿತ್ತು, ನನಗೂ ನಿದ್ದೆ ಬರುತ್ತಿತ್ತು. ಆದರೆ ಮಲಕಪ್ಪ ಈ ಪತ್ರ ಕೇಳಿಸಿಕೊಂಡರೆ ಒಂದೂವರೆ ಅಡಿ ಕಡಿಮೆ ಮಾಡು ಎನ್ನುತ್ತಾನೆ. ಆದ್ದರಿಂದ ಹೇಳಿಬಿಡುತ್ತೇನೆ. ಆ ಕುಂಡಿಯ ಮಾತನ್ನು ಈ ಊರಿನಲ್ಲಿ ಮೊದಲು ಆಡಿದವನು ನಾನು.

ಉದ್ಘಾಟನೆಯಾದ ಮೂರನೆಯ ದಿನ. ಅದೇ ಅಂಗಡಿ, ಅದೇ ಬಾಕು. ನನ್ನ ಹೆಸರಿನ ಗೊಂಬೆ ನಿಂತಿದೆಯಲ್ಲ, ತಲೆ ಸ್ವಲ್ಪ ಮೇಲಕ್ಕೆ ಹೋಗಿತ್ತು. ಹತ್ತು ಮಂದಿ ಕೂತಿದ್ದರು. ನಾನು ಶಿಲ್ಪದ ಕಡೆ ಬೆರಳು ತೋರಿಸಿ ಹೇಳಿದೆ: "ಮಲಕ್ಯಾ, ಮೂವತ್ತೊಂದ ವರ್ಷ ನಿನ್ನ ಮಾರಿ ನೋಡಿ ನನಗ ಸಾಕಾಗೇತಿ. ಇನ್ನ ಮ್ಯಾಲ ನಿಮ್ಮ ಚಾಳದವರು ನಿನ್ನ ಕುಂಡಿ ನೋಡ್ಲಿ!"

"ನಿಮ್ಮ ಗಲ್ಲಿಯವರ ಹಣೇಬರಹ ಏನ ಬ್ಯಾರೆ ಐತೇನು?" ಎಂದ ಮಲಕಪ್ಪ. "ನಂದರ ಸಣ್ಣದು. ನಿನ್ನ ಕುಂಡಿಗೆ ಒಂದ ಚೀಲ ಸಿಮಿಟ ಹೆಚ್ಚಿಗಿ ಹತ್ತೇತಂತ, ಆ ಹುಡುಗಿನ ಹೇಳಿದ್ಲು."

ಕರಿಬಸಪ್ಪ ನಕ್ಕ ರಭಸಕ್ಕೆ ಕೆಟಲು ವಾಲಿತು. ಎಲ್ಲರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಎರಡು ಓಣಿಯವರೂ ಇದ್ದರು. ಆ ಮಾತು ಅಂಗಡಿಯಿಂದ ಎದ್ದು ಎರಡೂ ಕಡೆ ಮನೆಗೆ ಹೋಯಿತು. ನಗು ಹಾದಿಯಲ್ಲೆಲ್ಲೋ ಬಿದ್ದುಹೋಯಿತು, ಮಾತು ಮಾತ್ರ ಮನೆ ಮುಟ್ಟಿತು. ಚಾಳದಲ್ಲಿ ಅದು "ಗನಿಸಾಬ ನಮ್ಮ ಓಣಿಗೆ ಹಿಂಗ ಅಂದಾನ" ಎಂದಾಯಿತು. ಗಲ್ಲಿಯಲ್ಲಿ "ಮಲಕಪ್ಪ ನಮ್ಮವನಿಗೆ ಹಿಂಗ ಅಂದಾನ" ಎಂದಾಯಿತು. ಮುಂದಿನದು ಪೃಷ್ಠಭಾಗ, ಅರ್ಜಿ, ಕ್ರೇನು.

ಅವನ ಓಣಿಯ ಹಿರಿಯರು ಅವನಿಗೆ, ಸ್ವಲ್ಪ ದಿನ ಆ ಸಾಬನ ಜೋಡಿ ಕೂಡಬೇಡ ಎಂದರಂತೆ. ನಮ್ಮ ಹಿರಿಯರೂ ನನಗೆ ಹಾಗೇ ಹೇಳಿದರು. ಸ್ವಲ್ಪ ದಿನ ತಾನೆ ಎಂದು ನಾನು ಮನೆಯಲ್ಲಿ ಕೂತೆ. ಮುಮ್ತಾಜ ಹೇಳಿದಳು: "ಹೋಗಿ ಅವರ ಬಾಗಿಲಾಗ ನಿಂತ ಒಂದ ಮಾತ ಆಡಿ ಬರ್ರಿ. ನಿಮ್ಮ ಬಾಯಿಂದ ಹೊಂಟಿದ್ದು, ನಿಮ್ಮ ಕಾಲಿಂದ ತೀರ್ಲಿ." ನಾನು ಹೋಗಲಿಲ್ಲ. ಮೊದಲು ಅವನು ಬರಲಿ, ಅವನೂ ಅಂದಿದ್ದಾನಲ್ಲ, ಆ ಒಂದು ಚೀಲ ಸಿಮೆಂಟಿನ ಮಾತು, ಎಂದುಕೊಂಡೆ. ಅವನೂ ಹೀಗೇ ಕೂತಿದ್ದನಂತೆ, ಗನ್ಯಾ ಬರಲಿ ಎಂದು. ಅವನು ಎಳೆಯಲಿ ಎಂದು ನಾನು ಸಡಿಲ ಬಿಟ್ಟೆ. ನಾನು ಎಳೆಯಲಿ ಎಂದು ಅವನು ಸಡಿಲ ಬಿಟ್ಟ. ಇಬ್ಬರೂ "ತಗೋ" ಎನ್ನುತ್ತ ಕೂತರೆ ಗರಗಸ ನಿಲ್ಲುತ್ತದೆ, ಸಾಹೇಬರೇ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಮಾಡದ ತಪ್ಪನ್ನು, ಕೈಯಲ್ಲಿ ಗರಗಸ ಇಲ್ಲದಾಗ ಮಾಡಿದೆವು. ಒಂದು ದಿನ ಕರಿಬಸಪ್ಪ ಹೇಳಿದ: ಮಲಕಪ್ಪ ಮತ್ತು ಅವನ ಹೆಂಡತಿ ಸತ್ತೆವ್ವ ಮನೆ ಖಾಲಿ ಮಾಡಿ ಮುಂಡಗೋಡ ತಾಲೂಕಿನ ಇಂದೂರಕ್ಕೆ, ಮಗಳ ಊರಿಗೆ ಹೋದರು. ಟೆಂಪೊ ಸರ್ಕಲ್ಲಿನಲ್ಲಿ ಒಂದು ನಿಮಿಷ ನಿಂತಿತ್ತಂತೆ. ಅವನು ಇಳಿಯಲಿಲ್ಲವಂತೆ. ನಾನು ಆಗ ಮನೆಯಲ್ಲಿ, ಮುನ್ನೂರು ಹೆಜ್ಜೆ ದೂರದಲ್ಲಿ, ಅವನು ಬರಲಿ ಎಂದು ಕೂತಿದ್ದೆ.

ನಾಲ್ಕು ತಿಂಗಳ ಹಿಂದೆ ಅವನಿಗೆ ಲಕ್ವಾ ಹೊಡೆಯಿತು. ಬಲಭಾಗ ಬಿತ್ತು, ಬಾಯಿ ಹೋಯಿತು. ಎಡಗೈ ಉಳಿದಿದೆ. ಅವನು ಎಡಚನೆಂಬುದು ಲಕ್ವಾಕ್ಕೆ ತಿಳಿಯಲಿಲ್ಲ. ಒಳ್ಳೆಯ ಕೈಯನ್ನು ಬಿಟ್ಟು ಹೋಯಿತು. ಇದು ನನಗೆ ತಿಳಿದದ್ದು ಮಾತ್ರ ಎರಡು ವಾರದ ಹಿಂದೆ. ಕರಿಬಸಪ್ಪನ ಫೋನಿಗೆ ಸತ್ತೆವ್ವ ಫೋನು ಮಾಡಿ ನನ್ನನ್ನು ಕರೆಸಿದಳು.

"ಗನಿಯಣ್ಣಾ, ಚಲೋ ಅದೀರೇನು? ಮುಮ್ತಾಜಕ್ಕ?"

"ಅದೀವಿ ತಂಗಿ," ಎಂದೆ.

"ಇವರು ಯಾರನ್ನೂ ಗುರ್ತ ಹಿಡಿಯೂದಿಲ್ಲ ಅಂತಾರ ಡಾಕ್ಟರು. ನನಗ ಹಂಗ ಅನಸೂದಿಲ್ಲ. ಕಣ್ಣು ಏನೋ ಹುಡಕ್ತಾವು. ನೀವೊಮ್ಮಿ ಮಾತಾಡ್ರಿ. ಕಿವಿಗೆ ಹಿಡಿತೇನಿ."

ಏನು ಮಾತಾಡಲಿ? ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು, ಮೊಂಡ ಗರಗಸ ಹಸಿ ಕಟ್ಟಿಗೆಯಲ್ಲಿ ಹೋದಂತೆ. ನನಗೆ ಗೊತ್ತಿದ್ದದ್ದನ್ನೇ ಹೇಳಿದೆ: "ಮಲಕ್ಯಾ, ಗಣೇಶಗುಡಿ ದಿಮ್ಮಿ ನೆನಪೈತೇನೋ? ಹದಿನಾಲ್ಕ ಅಡಿ ಸುತ್ತಳತಿ ಇತ್ತ ನೋಡು!"

ಉಸಿರು ನಿಂತಿತು. ಏನೋ ಗೊರಗೊರ ಸದ್ದಾಯಿತು. ಆಮೇಲೆ ಸತ್ತೆವ್ವನ ದನಿ, ಅಳುತ್ತಲೂ ನಗುತ್ತಲೂ: "ಅಣ್ಣಾ, ಮಾತಾಡಿದ್ರು! ನಾಕ ತಿಂಗಳಾದ ಮ್ಯಾಲ! ಏಳ... ಏಳ... ಅಂದ್ರು. ಮ್ಯಾಲ ಏಳಬೇಕಂತಾರೇನೋ, ಎಬ್ಬಿಸಿ ಕೂಡಸಲೇನು?"

ಎಬ್ಬಿಸಿ ಕೂಡಿಸು ತಂಗಿ, ಎಂದೆ. ಅವನು ಏಳುತ್ತೇನೆ ಎಂದದ್ದಲ್ಲ ಎಂದು ನಾನು ಹೇಳಲಿಲ್ಲ. ಅವನು ಏಳೂವರೆ ಎನ್ನಲು ಹೊರಟಿದ್ದ. ಅರ್ಧಕ್ಕೆ ನಾಲಗೆ ನಿಂತಿತು, ಅಷ್ಟೇ. ಯಾರನ್ನೂ ಗುರುತಿಸದವನು ನನ್ನ ಸುಳ್ಳನ್ನು ಗುರುತಿಸಿದ. ಮನುಷ್ಯ ಒಳಗೆ ಪೂರ್ತಿ ಇದ್ದಾನೆ, ಸಾಹೇಬರೇ. ಟೇಪು ಹಿಡಿದುಕೊಂಡು ಕೂತಿದ್ದಾನೆ.

ಆಮೇಲೆ ಸತ್ತೆವ್ವ ಕೇಳಿದಳು: "ಅಣ್ಣಾ, ಒಮ್ಮಿ ಊರಿಗೆ ಕರಕೊಂಡ ಬರ್ತೇನಿ. ಆ ಗೊಂಬಿ ಮುಂದ ಕುಂದರಸಿದ್ರ, ನೀವು ಎದುರಿಗೆ ಇದ್ರ, ಇನ್ನೂ ಎರಡ ಮಾತ ಬಂದಾವೇನೋ. ಅವು ಅದಾವಲ್ಲ? ಇಬ್ರೂ ನಿಂತಾರಲ್ಲ?"

ನಾನು ನನ್ನ ಸ್ವಭಾವಕ್ಕೆ ತಕ್ಕ ಉತ್ತರ ಕೊಟ್ಟೆ: "ನಿಂತೀವಿ ತಂಗಿ! ಮಳಿ ಬರ್ಲಿ ಬಿಸಲ ಬರ್ಲಿ, ಇಬ್ರೂ ನಿಂತೀವಿ. ಬಣ್ಣ ಸೈತ ಹೋಗಿಲ್ಲ. ಕರಕೊಂಡ ಬಾ."

ಬರುವ ಬುಧವಾರ ಬರುತ್ತಾರೆ. ಅಳಿಯನ ಗಾಡಿಯಲ್ಲಿ, ಹಳಿಯಾಳದ ಮೇಲಿಂದ, ಮುಂಜಾನೆ ಹನ್ನೊಂದರ ಸುಮಾರಿಗೆ.

ಅದಕ್ಕಾಗಿಯೇ ನಾನು ಮಂಗಳವಾರ ತಮ್ಮ ಬಾಗಿಲಿಗೆ ಬಂದದ್ದು. ತಾವು ಆ ಪ್ರಶ್ನೆ ಕೇಳಿದ ಮೇಲೆ ನಾನು ನೇರ ಮನೆಗೆ ಹೋಗಲಿಲ್ಲ. ಕಚೇರಿಯ ಹಿಂದಿನ ತಗಡಿನ ಶೆಡ್ಡಿಗೆ ಹೋಗಿ ನೋಡಿದೆ. ಒಡೆದ ಕಸದ ಡಬ್ಬಿಗಳು, ಹಳೆಯ ಬೀದಿದೀಪಗಳು, ಅವುಗಳ ನಡುವೆ ಮಲಕಪ್ಪ ಪಕ್ಕಕ್ಕೆ ಮಲಗಿದ್ದಾನೆ. ಬಗ್ಗಿದವನನ್ನು ಮಲಗಿಸಿದರೆ ಹೇಗೆ ಕಾಣುತ್ತದೆ ಗೊತ್ತೇ? ಹೊಟ್ಟೆನೋವಿನಿಂದ ಮುದುಡಿದವನಂತೆ. ಹಿಡಿಕೆ ಹಿಡಿಯಲು ಚಾಚಿದ ಕೈಗಳ ಮೇಲೆ ನೀರಿನ ಪೈಪು ಸುತ್ತಿ ಇಟ್ಟಿದ್ದಾರೆ. ಪೈಪು ಇಳಿಸಿ ಮುಖದ ಧೂಳು ಒರೆಸಿದೆ. ಸುಮಿತಾ ಒಂದು ಕೆಲಸ ಮಾಡಿದ್ದಾಳೆ, ನಿಂತಾಗ ಯಾರಿಗೂ ಕಾಣದ್ದು: ಅವನ ತುಟಿಯನ್ನು ಸ್ವಲ್ಪ ತೆರೆದಿದ್ದಾಳೆ. ತಾ ಎನ್ನುತ್ತಿದ್ದಾನೋ, ತಗೋ ಎನ್ನುತ್ತಿದ್ದಾನೋ. ಬಗ್ಗಿ ಕಿವಿಯನ್ನೂ ಇಟ್ಟು ನೋಡಿದೆ. ತಮ್ಮ ಜವಾನ ಬಂದು, "ಕಾಕಾ, ಹೊರಗ ನಡೀರಿ, ಸಾಹೇಬರು ನೋಡಿದ್ರ ನನಗ ಬೈತಾರ" ಎಂದ.

ಸಂಜೆ ಸರ್ಕಲ್ಲಿಗೆ ಹೋದೆ. ದಿನಾ ಹೋಗುತ್ತೇನೆ, ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಜಾಲರಿಯ ಸರಳುಗಳ ನಡುವೆ ಮೊಣಕೈವರೆಗೆ ಕೈ ತೂರಿಸಿದರೆ ಗರಗಸದ ಆ ತುದಿಯ ಹಿಡಿಕೆ ಸಿಗುತ್ತದೆ. ಅವನ ಹಿಡಿಕೆ. ಅವನ ಜಾಗದ ಹಿಂದೆ ನಿಂತು ಅದನ್ನು ಹಿಡಿದುಕೊಳ್ಳುತ್ತೇನೆ. ಆಗ ನನ್ನ ಎದುರಿಗೆ ನಾನೇ ಇರುತ್ತೇನೆ, ಟೊಪ್ಪಿಗೆ ಹಾಕಿಕೊಂಡು, ಗದ್ದ ಎತ್ತಿಕೊಂಡು. ಮೂವತ್ತೊಂದು ವರ್ಷ ಅವನು ನೋಡಿದ ಮುಖ ಇದೇ ಏನು? ಇಷ್ಟು ಜಂಬದ ಮುಖವನ್ನು ನೋಡುತ್ತ ಅವನು ಹೇಗೆ ಒಂದು ದಿನವೂ ಕೈ ಬಿಡದೆ ಎಳೆದನೋ. ಪಹರೆಯ ಹೋಮ್‌ಗಾರ್ಡು "ಕಾಕಾ, ಕೈ ತಗೀರಿ, ಮಂದಿ ನೋಡಾಕತ್ತಾರ" ಎನ್ನುವವರೆಗೆ ನಿಲ್ಲುತ್ತೇನೆ. ಮಂದಿ ಹುಚ್ಚು ಎನ್ನುತ್ತಾರೆ. ನಮ್ಮ ಗಲ್ಲಿಯವರು, ಗನಿ ಚಾಚಾಗೆ ಚಾಳದ ಕಡೆಯೇ ಜೀವ ಎನ್ನುತ್ತಾರೆ. ಚಾಳದವರು ಕಿಟಕಿ ಮುಚ್ಚುತ್ತಾರೆ.

ಆದ್ದರಿಂದ ನನ್ನ ಬೇಡಿಕೆ. ಬುಧವಾರದೊಳಗೆ ಮಲಕಪ್ಪನ ಕಾಲಿಗೆ ಸಿಮೆಂಟು ಮೆತ್ತಿಸಿ, ಅವನನ್ನು ಅವನ ಜಾಗದಲ್ಲಿ ನಿಲ್ಲಿಸಿರಿ. ಅರ್ಜಿ ಬಂದರೆ ನನ್ನ ಹೆಸರು ಹೇಳಿರಿ. ಮೊದಲು ಆಡಿದವನು ನಾನು, ಎರಡೂ ಓಣಿಯ ಮನೆ ಮನೆಗೆ ಹೋಗಿ ಅದು ನಗೆಯ ಮಾತಾಗಿತ್ತು ಎಂದು ಹೇಳಿ ಬರುತ್ತೇನೆ. ಗುರುವಾರದಿಂದಲೇ ಶುರು ಮಾಡಿದ್ದೇನೆ. ಚಾಳದಲ್ಲಿ ಮೂರು ಬಾಗಿಲು ತೆರೆದವು, ಒಂದು ಮನೆಯಲ್ಲಿ ನೀರು ಕೊಟ್ಟರು. ಒಬ್ಬ ಮುದುಕಿ, "ಆವತ್ತ ನಮ್ಮನ್ಯಾವ್ರೂ ಆ ಬಾಕಿನ ಮ್ಯಾಲ ಕುಂತ ನಕ್ಕಿದ್ರಪಾ, ಮನಿಗೆ ಬಂದ ಮ್ಯಾಲ ಸಿಟ್ಟ ಬಂತು" ಎಂದಳು.

ಅಷ್ಟು ಬೇಗ ದುರಸ್ತಿ ಆಗದು ಎನ್ನುವುದಾದರೆ ಎರಡನೆಯ ಬೇಡಿಕೆ: ನನ್ನನ್ನೂ ಅಲ್ಲಿಂದ ಇಳಿಸಿರಿ. ಒಯ್ದು ಆ ಶೆಡ್ಡಿನಲ್ಲಿ ಅವನ ಎದುರಿಗೆ ಮಲಗಿಸಿರಿ. ಗರಗಸವನ್ನೂ ನಡುವೆ ಇಡಿರಿ. ಕಸದ ಡಬ್ಬಿಗಳ ನಡುವೆಯಾದರೂ ಇಬ್ಬರೂ ಇರುತ್ತೇವೆ. ಸತ್ತೆವ್ವನಿಗೆ ನಾನು ಹೇಳಿದ ಸುಳ್ಳಿನಲ್ಲಿ ಅರ್ಧವಾದರೂ ನಿಜವಾಗುತ್ತದೆ.

ಅದೂ ಆಗದು, ಮೇಲಿನವರ ಅನುಮತಿ ಬೇಕು ಎನ್ನುವುದಾದರೆ, ಕೊನೆಯದು. ಬುಧವಾರ ಹನ್ನೊಂದಕ್ಕೆ ಜಾಲರಿಯ ಬೀಗದ ಕೈ ಅರ್ಧ ತಾಸು ಕೊಡಿರಿ. ಬರೆದುಕೊಂಡು ಕೊಡಿರಿ, ಸಹಿ ಮಾಡುತ್ತೇನೆ. ಕರಿಬಸಪ್ಪ ತನ್ನ ಅಂಗಡಿಯ ಕುರ್ಚಿ ಕೊಡುತ್ತೇನೆ ಎಂದಿದ್ದಾನೆ. ಮಲಕಪ್ಪನನ್ನು ಅವನ ಖಾಲಿ ಜಾಗದಲ್ಲಿ ಕೂಡಿಸುತ್ತೇವೆ, ಎಡಗೈಯನ್ನು ಹಿಡಿಕೆಯ ಮೇಲೆ ಇಡುತ್ತೇವೆ. ನಾನು ಈ ತುದಿಯಲ್ಲಿ ನನ್ನ ಗೊಂಬೆಯ ಪಕ್ಕದಲ್ಲಿ ನಿಲ್ಲುತ್ತೇನೆ. ಯಾರ ಬೆನ್ನು ಯಾರ ಕಡೆಗಿದೆ ಎಂದು ನೋಡುವವರು ನೋಡಿಕೊಳ್ಳಲಿ. ಈ ಸಲ ಅವನು ಮೊದಲು ಎಳೆಯಲಿ ಎಂದು ನಾನು ಕಾಯುವುದಿಲ್ಲ. ನಾನೇ ಮೊದಲು "ತಾ" ಎನ್ನುತ್ತೇನೆ. ಆಮೇಲೆ ಎರಡು ಓಣಿಗೂ ಕೇಳುವಂತೆ, ಆ ದಿಮ್ಮಿ ಹದಿನಾಲ್ಕು ಅಡಿ ಇತ್ತು ಎಂದು ಕೂಗುತ್ತೇನೆ. ತಾವೂ ಬನ್ನಿರಿ. ಅವನು ಏನೆನ್ನುತ್ತಾನೆ ಎಂದು ಕೇಳಿಸಿಕೊಂಡ ಮೇಲೆ, ಈ ಶಿಲ್ಪಕ್ಕೂ ನಿಮಗೂ ಏನು ಸಂಬಂಧ ಎಂದು ನನ್ನನ್ನು ಇನ್ನೊಮ್ಮೆ ಕೇಳಿರಿ.

ಇಂತಿ,
ಒಂದೇ ಹಿಡಿಕೆ ಹಿಡಿದು ನಿಂತಿರುವ
ಗನಿಸಾಬ, ಡಿಪೋ ಗಲ್ಲಿ

ತಾ. ಕ.: ದಿಮ್ಮಿಯ ಸುತ್ತಳತೆ ಏಳೂವರೆ ಅಡಿಯೇ ಇತ್ತು. ಬುಧವಾರದವರೆಗೆ ಅವನಿಗೆ ಹೇಳಬೇಡಿರಿ.